ಕೆಂಪು ಹಕ್ಕಿ ಕಂಡ ಮಳೆಗಾಲ

ಹೊಸ ಬೊಂಬಾಯಿಯ ಸೀವುಡ್ಸ್ ಸ್ಟೇಶನ್ನಿನ ಮೇಲೆ ಮಾಲ್ ಇನ್ನೂ ಎದ್ದಿರದ ಕಾಲ. ನಮ್ಮ ಬಿಲ್ಡಿಂಗಿನಿಂದ ಪಾಮ್ ಬೀಚ್ ರಸ್ತೆ ದಾಟಿದರೆ ಕಡಲು ಒಳಚಾಚಿದ ಖಾಡಿಯ ನೀರಿನವರೆಗೂ ಬರೀ ಹುಲ್ಲು, ಕೆಸರು, ಉಪ್ಪುಗಾಳಿ. ನಾನಾಗ ನಾಲ್ಕನೇ ಕ್ಲಾಸು.

ಪಪ್ಪ ಚೆಂಬೂರಿನ ಹೋಟೆಲೊಂದರಲ್ಲಿ ಮ್ಯಾನೇಜರ್. ನಾನು ಏಳುವ ಮೊದಲೇ ಲೋಕಲ್ ಹಿಡಿದು ಹೋಗುತ್ತಿದ್ದರು, ನಾನು ಮಲಗಿದ ಮೇಲೆ ಬರುತ್ತಿದ್ದರು. ಗೂಟಕ್ಕೆ ಹಾಕಿದ ಅಂಗಿಯ ಸಾಂಬಾರಿನ ವಾಸನೆಯಿಂದಷ್ಟೇ ಅವರು ಬಂದುಹೋದದ್ದು ನನಗೆ ಗೊತ್ತಾಗುತ್ತಿತ್ತು. ಆ ವರ್ಷ ಮಳೆ ಶುರುವಾಗುವಾಗ ಧಣಿಗಳು ಹೋಟೆಲು ಮುಚ್ಚಿದರು. ಪಪ್ಪ ಮನೆಯಲ್ಲೇ ಉಳಿದರು. ಫೋನು ಬಂದಾಗಲೆಲ್ಲ ಅಮ್ಮ ಕೈಕೆಲಸ ಬಿಟ್ಟು ಅವರ ಮುಖ ನೋಡುತ್ತಿದ್ದಳು. ನನಗೋ ಹಬ್ಬ.

ಒಂದು ಸಂಜೆ ಮಳೆ ಬಿಟ್ಟಾಗ ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯಲು ಪಪ್ಪನೂ ನಾನೂ ಖಾಡಿಯ ಕಡೆ ಹೋದೆವು. ನನ್ನ ಎದೆಮಟ್ಟದ ಹುಲ್ಲಿನೊಳಗಿಂದ ಎಳೆ ಎಳೆಯಾಗಿ ಚೀ ಚೀ ಎಂಬ ಸದ್ದು. ಎಷ್ಟು ಇಣುಕಿದರೂ ಏನೂ ಕಾಣದು.

"ಎಂತದೋ ಉಂಟು ಮಗಾ. ಕೂತ್ಕೊ, ಅಲುಗಾಡ್ಬೇಡ," ಎಂದರು ಪಪ್ಪ.

ಆಮೇಲೆ ಮಳೆ ಬಿಟ್ಟಾಗಲೆಲ್ಲ ಹೋದೆವು. ಹುಲ್ಲು ನಡುಗುವುದು, ಕಂದು ಬಣ್ಣದ ಪುಟ್ಟದೇನೋ ಪುರ್ರನೆ ಎದ್ದು ಮತ್ತೆ ಮುಳುಗುವುದು, ಅಷ್ಟೇ. ನನ್ನ ಕಾಲು ಜೋಮು ಹಿಡಿದರೆ ಪಪ್ಪ ಪಿಸುದನಿಯಲ್ಲಿ ಊರಿನ ಕಥೆ ಹೇಳುತ್ತಿದ್ದರು: ಹೊಳೆಯಲ್ಲಿ ಮೀನು ಹಿಡಿದದ್ದು, ಶಾಲೆ ಬಿಟ್ಟು ಬೊಂಬಾಯಿ ಬಸ್ಸು ಹತ್ತಿದ್ದು. ಅಷ್ಟೊಂದು ಮಾತು ಅವರ ಬಾಯಲ್ಲಿ ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅದು ಕಂಡಿತು. ಹುಲ್ಲಿನ ತೆನೆಯ ತುದಿಗೆ ಹತ್ತಿ ಕೂತಿತು. ಗುಬ್ಬಿಗಿಂತ ಚಿಕ್ಕದು, ಹಣ್ಣುಮೆಣಸಿನಷ್ಟು ಕೆಂಪು, ಮೈಮೇಲೆ ಬಿಳಿ ಚುಕ್ಕಿ. ಪಪ್ಪನ ಕೈ ನನ್ನ ಭುಜ ಒತ್ತಿತು. ಹಿಡಿದ ಉಸಿರು ಬಿಡುವಷ್ಟರಲ್ಲಿ ಹಕ್ಕಿ ಹುಲ್ಲಿಗಿಳಿದು ಮಾಯ.

"ದಿಖಾ ಪಪ್ಪಾ, ಕಂಡ್ತು!" ಎಂದು ಕುಣಿದೆ. "ನೀವಿನ್ನು ಹೋಟ್ಲಿಗೆ ಹೋಗ್ಲೇಬೇಡಿ. ದಿನಾ ಇಲ್ಲಿಗೇ ಬರೋಣ."

ಪಪ್ಪನ ಮುಖದ ನಗು ಆರಿತು. "ನಡಿ, ಅಮ್ಮ ಕಾಯ್ತಾಳೆ," ಎಂದರು.

ದಸರೆಯ ಹೊತ್ತಿಗೆ ನಾಸಿಕದಲ್ಲಿ ಕೆಲಸ ಸಿಕ್ಕಿತು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು, ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಪಪ್ಪ ತಿಂಗಳಿಗೊಮ್ಮೆ ಬರುವ ನೆಂಟರಾದರು. ಅಮ್ಮ ನನ್ನೊಬ್ಬಳನ್ನೇ ಖಾಡಿಯ ಕಡೆ ಬಿಡುತ್ತಿರಲಿಲ್ಲ. ಮುಂದೆ ಅಲ್ಲಿಗೆ ಮಣ್ಣಿನ ಲಾರಿಗಳು ಬಂದವು, ಹುಲ್ಲು ಮುಚ್ಚಿಹೋಯಿತು. ಆ ಹಕ್ಕಿಯ ಹೆಸರು ಕೆಂಪು ಮುನಿಯ ಎಂದು ತಿಳಿಯುವಾಗ ನಾನು ಕಾಲೇಜು ಮುಗಿಸಿದ್ದೆ.

ಪಪ್ಪ ಈಗ ಇಡೀ ದಿನ ಮನೆಯಲ್ಲೇ ಇರುತ್ತಾರೆ. ಮೊನ್ನೆ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿ, "ನಾವಿಬ್ರೂ ನೋಡಿದ್ದು ನೆನಪುಂಟಾ?" ಎಂದೆ.

ದೂರ ಹಿಡಿದು ನೋಡಿದರು. "ಯಾವಾಗ?"

"ಹೋಟೆಲು ಮುಚ್ಚಿದ ವರ್ಷ."

"ಓ, ಆ ವರ್ಷವಾ," ಎಂದು ಮೊಬೈಲು ವಾಪಸು ಕೊಟ್ಟರು. "ಆ ವರ್ಷ ನಿಮ್ಗೆಲ್ಲ ಎಂತ ಉಣ್ಣಿಸುದು ಅಂತ ಯೋಚಿಸಿದ್ದು ಬಿಟ್ರೆ ನಂಗೆ ಬೇರೆಂತದೂ ನೆನಪಿಲ್ಲ ಮಗಾ."

ಇಷ್ಟು ವರ್ಷ ಆ ಹುಲ್ಲು ಹೋಯಿತೆಂದು ಮರುಗುತ್ತಿದ್ದೆ. ಅಲ್ಲಿ ಪಪ್ಪ ನನ್ನ ಪಕ್ಕ ಕೂತಿದ್ದದ್ದೂ ಈಗ ನನ್ನೊಬ್ಬಳ ನೆನಪಿನಲ್ಲಷ್ಟೇ ಉಳಿದಿದೆ.