ದಪ್ಪ ಗುಂಡಿಗೆಯ ಮುನಿಯಲ್ಲಮ್ಮ

ಶ್ರೀನಿವಾಸಪುರದ ಉಪ್ಪಿನಕಾಯಿ ಮುನಿಯಲ್ಲಮ್ಮನ ಬಾಯಿಗೆ ಬೀಳಲು ಮಾವಿನ ಮಂಡಿಯ ಸಾಹುಕಾರರೂ ಹೆದರುತ್ತಿದ್ದರು. ಅಪ್ಪ ಮಾವಿನ ಮಂಕರಿ ಹೊತ್ತವನು ಹೊತ್ತಂತೆಯೇ ಕುಸಿದು ಸತ್ತಾಗ ತಮ್ಮ ಕೋದಂಡರಾಮಪ್ಪ ಇನ್ನೂ ಅಂಬೆಗಾಲಿನ ಕೂಸು. ಅವನನ್ನು ಸಾಕಿದ್ದು ಇವಳೇ. ಕಾಯಿಗೆ ಉಪ್ಪು ಬೆರೆಸುತ್ತ, ನಾಲಿಗೆಗೆ ಹಚ್ಚಿ ನೋಡುತ್ತ, ಯಾರ ಹಂಗಿಗೂ ಬೀಳದೆ ಬದುಕಿದ ಹೆಂಗಸು.

ಎರಡನೇ ಮಹಾಯುದ್ಧ ಮುಗಿಯುತ್ತ ಬಂದಿದ್ದ ಕಾಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿ ಕೋಲಾರಕ್ಕೆ ಹೋದಳು. ಅಲ್ಲಿ ಡಾಕ್ಟರು ಸುಬ್ಬರಾಯಪ್ಪನವರು ಹೃದಯದ ಕಾಯಿಲೆಯ ಸಂಶೋಧನೆಯಲ್ಲಿ ಮುಳುಗಿದ್ದರು. ಬಂದವರ ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡುವುದು, ಉಪ್ಪೆಷ್ಟು ತಿನ್ನುತ್ತೀರಿ, ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಸತ್ತಿದ್ದಾರೆಯೇ ಎಂದು ಕೇಳುವುದು. ಇವಳ ಎದೆಯ ಚಿತ್ರ ತೆಗೆಸಿ ನೋಡಿ, "ನಿಮ್ಮ ಗುಂಡಿಗೆ ದಪ್ಪ ಆಗಿದೆ ಕಣಮ್ಮ" ಎಂದರು.

ನಮ್ಮ ಕಡೆ ಗುಂಡಿಗೆ ಇರುವವನೆಂದರೆ ಧೈರ್ಯವಂತ. ಇನ್ನು ದಪ್ಪ ಗುಂಡಿಗೆಯೆಂದರೆ ಕೇಳಬೇಕೆ? ಉಳಿದ ಮಾತು ಕೇಳುವ ತಾಳ್ಮೆ ಅವಳಿಗೆಲ್ಲಿತ್ತು. ಬಸ್ಸಿಳಿದವಳೇ ಮಂಡಿಯ ತುಂಬ ಸಾರಿದಳು. "ನಮ್ಮಪ್ಪಂದೂ ಇದೇ ಗುಂಡಿಗೆ. ನಮ್ಮ ವಂಶಾನೇ ಹಂಗೆ." ತಮ್ಮನೂ ಮೀಸೆ ತಿರುವಿದ.

ಕಾಲು ಊದಿಕೊಂಡಾಗ ಮತ್ತೆ ಹೋದಳು. ಈ ಸಲ ಡಾಕ್ಟರು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಒತ್ತಡ ಏರಿದರೆ ಗುಂಡಿಗೆ ಮೈಮುರಿದು ದುಡಿಯಬೇಕು. ದುಡಿದೂ ದುಡಿದೂ ಅದರ ಮಾಂಸ ದಪ್ಪವಾಗುತ್ತದೆ, ಕೊನೆಗೊಂದು ದಿನ ಸೋತುಹೋಗುತ್ತದೆ. ಉಪ್ಪು ಅದಕ್ಕೆ ಹಗೆ. ಕೆಲವು ಮನೆತನಗಳಲ್ಲಿ ಇದು ರಕ್ತದಲ್ಲೇ ಬರುತ್ತದೆಂದು ತಮಗೆ ಅನುಮಾನ. "ನಿಮ್ಮ ತಂದೆಗೂ ಇದೇ ಇದ್ದಿರಬಹುದು. ತಮ್ಮನ್ನ ಕರಕೊಂಡು ಬನ್ನಿ."

ತನ್ನ ಸಾವಿಗೆ ಮುನಿಯಲ್ಲಮ್ಮ ಹೆದರಲಿಲ್ಲ. ತಮ್ಮನೂ ಮಂಡಿಯಲ್ಲಿ ಮೂಟೆ ಹೊರುತ್ತಾನೆ, ಈಚೆಗೆ ತಲೆ ಸುತ್ತುತ್ತದೆ ಅನ್ನುತ್ತಿದ್ದಾನೆ ಎಂಬುದು ನೆನಪಾಗಿ, ಊರಿಗೆ ಬಂದವಳೇ ಆಸ್ಪತ್ರೆಗೆ ಬಾ ಎಂದು ಅವನ ಬೆನ್ನುಬಿದ್ದಳು.

ಅವನೋ ನಕ್ಕುಬಿಟ್ಟ. "ಉಪ್ಪು ಖಾರ ತಿನ್ನೋ ದೇಹ ಅಕ್ಕ ಇದು. ದಪ್ಪ ಗುಂಡಿಗೆ ಅಂತ ಊರಿಗೆಲ್ಲ ಸಾರಿದೋಳು ನೀನೇ. ಈಗ ನಾನು ಆಸ್ಪತ್ರೆಗೆ ಹೋದ್ರೆ ಜನ ನಗಲ್ವಾ?"

ಅವಳ ಸಿಟ್ಟು ನೆತ್ತಿಗೇರಿತು. ಅರ್ಧ ಅವನ ಮೇಲೆ, ಅರ್ಧ ತನ್ನ ಮೇಲೆ. ಮರುದಿನ ತುಂಬಿದ ಮಂಡಿಯ ನಡುವೆ ರಾಗಿಮುದ್ದೆ, ಉಪ್ಪಿಲ್ಲದ ಸೊಪ್ಪಿನ ಸಾರು ಇಟ್ಟುಕೊಂಡು ಕೂತಳು.

"ಕೇಳ್ರಪ್ಪಾ, ನಾನು ಹೇಳಿದ್ದು ತಪ್ಪು. ದಪ್ಪ ಗುಂಡಿಗೆ ಅಂದ್ರೆ ಕಾಯ್ಲೆ. ನಮ್ಮಪ್ಪನ್ನ ತಿಂದಿದ್ದೂ ಅದೇ ಇರಬೇಕು. ನಗೋರು ಈಗ್ಲೇ ನಕ್ಕುಬಿಡಿ."

"ಉಪ್ಪಿಗಿಂತ ರುಚಿಯಿಲ್ಲ ಅಂತಾರೆ, ಇದನ್ನ ಹೆಂಗೆ ನುಂಗ್ತೀಯಮ್ಮ?" ಎಂದು ದಲ್ಲಾಳಿ ಆಂಜಿನಪ್ಪ ಕಿಚಾಯಿಸಿದ.

"ತಮ್ಮನ ಹೆಣ ನೋಡೋದಕ್ಕಿಂತ ಇದೇ ರುಚಿ" ಎಂದಳು. ಯಾರೂ ನಗಲಿಲ್ಲ. ಅವಳು ತಮ್ಮನ ಕಡೆ ತಿರುಗಿದಳು. "ಏಮ್ರಾ ಕೋದಂಡ, ಅಷ್ಟುದ್ದ ಮೀಸೆ ಬಿಟ್ಕೊಂಡು ತೋಳಿಗೆ ಕಟ್ಟೋ ಒಂದು ರಬ್ಬರ್ ಪಟ್ಟಿಗೆ ಹೆದರ್ತೀಯಾ? ನೀನು ಬಸ್ಸು ಹತ್ತೋವರ್ಗೂ ದಿನಾ ಇಲ್ಲೇ ಉಣ್ತೀನಿ."

ಆ ವಾರವೇ ಅವನು ಮುಖ ಊದಿಸಿಕೊಂಡು ಬಸ್ಸು ಹತ್ತಿದ. ಒತ್ತಡ ಅವನಿಗೂ ಏರಿತ್ತು. "ಗುಂಡಿಗೆ ಇನ್ನೂ ಕೆಟ್ಟಿಲ್ಲ, ಸರಿಯಾದ ಹೊತ್ತಿಗೆ ಬಂದಿರಿ" ಎಂದ ಡಾಕ್ಟರು, ಉಪ್ಪನ್ನೂ ಮೂಟೆಯನ್ನೂ ಬಿಡಿಸಿದರು.

ಅಂದು ಸಂಜೆ ಸಾರಿನ ಮೊದಲ ತುತ್ತಿಗೇ ಕೋದಂಡರಾಮಪ್ಪ ಮುಖ ಸಿಂಡರಿಸಿದ.

"ಇನ್ನೆಷ್ಟು ದಿನ ಅಕ್ಕಾ ಈ ಸಪ್ಪೆ?"

"ಬದುಕಿರೋ ಅಷ್ಟು ದಿನ ಕಣೋ" ಎಂದು ಮುನಿಯಲ್ಲಮ್ಮ ಇನ್ನೊಂದು ಸೌಟು ಬಡಿಸಿದಳು.