ತುಳುಕುವ ಸೈಕಲ್
ಸೈಕಲ್ ಕೊಂಡವರಿಗಿಂತ ಆರಿಸುವವರೇ ಸುಖಿಗಳು ಎಂಬುದಕ್ಕೆ ನಮ್ಮ ಭಾಲ್ಕಿಯ ಗೋರಖನಾಥ ಮಾಸ್ತರರೇ ಸಾಕ್ಷಿ. ಆ ಬರಗಾಲದ ವರ್ಷ ಪ್ರತಿ ರವಿವಾರ ಅವರು ಇಸ್ತ್ರಿ ಬಟ್ಟೆ ತೊಟ್ಟು ಬೀದರಿನ ಬಕ್ಕಪ್ಪನ ಸೈಕಲ್ ಅಂಗಡಿಗೆ ಬರುತ್ತಿದ್ದರು, ಹಿಂದೂ ಮುಂದೂ ಕುಲುಕು ತಡೆಯುವ ಸಸ್ಪೆನ್ಷನ್ ಇರುವ ಮೌಂಟೇನ್ ಬೈಕುಗಳ ಸೀಟನ್ನು ಮಾವಿನಹಣ್ಣು ಒತ್ತಿ ನೋಡುವಂತೆ ಒತ್ತುತ್ತಿದ್ದರು, ಆಮೇಲೆ ಅಂಗಡಿಯ ಪೀಪಾಯಿಯಿಂದ ಒಂದು ಕೊಡ ನೀರು ತುಂಬಿ ಹ್ಯಾಂಡಲಿಗೆ ತೂಗುಹಾಕಿ, "ಗುಡ್ಡ ನಮ್ಮಲ್ಲಿ ಎಲ್ಯಾವ್ರಿ? ಕೊಡದಾಗಿನ ನೀರು ತುಳಕಬಾರದು, ಅದೇ ನನ್ನ ಪರೀಕ್ಷಾ" ಎಂದು ಅಷ್ಟೂರಿನ ಕಚ್ಚಾ ರಸ್ತೆ ಹಿಡಿಯುತ್ತಿದ್ದರು. ಮರಳಿದಾಗ ಕೊಡ ಬರಿದು. "ಎಲ್ಲಾ ತುಳುಕಿ ಹೋಯ್ತು ನೋಡ್ರಿ, ಸಸ್ಪೆನ್ಷನ್ ಮೆತ್ತಗಿಲ್ಲ. ಬರೋ ವಾರ ಬ್ಯಾರೆ ತೋರಸ್ರಿ." ಇಸ್ತ್ರಿ ಪ್ಯಾಂಟಿನ ಮೇಲೆ ಮಾತ್ರ ಒಂದು ಹನಿಯೂ ಇರುತ್ತಿರಲಿಲ್ಲ. ಒಂದು ರವಿವಾರ ಅಷ್ಟೂರಿನ ಗುಮ್ಮಟಗಳ ಹತ್ತಿರ ನಾನೇ ಕಂಡೆ: ಎಕಂಬಾದಿಂದ ಕುರಿ ಹೊಡೆದುಕೊಂಡು ಗುಳೆ ಬಂದಿದ್ದ ಕೇಶರಬಾಯಿಯ ಮಡಕೆಗೆ ಮಾಸ್ತರರು ಕೊಡ ಬಗ್ಗಿಸುತ್ತಿದ್ದರು. ಬಂದು ಬಕ್ಕಪ್ಪನಿಗೆ ಹೇಳಿದರೆ ಅವನು ಸುಮ್ಮನೆ ನಕ್ಕ. ಮುಂದಿನ ರವಿವಾರ ಹೊಸ ಸೈಕಲನ್ನು ಹೊರಗಿಟ್ಟು, ತಾನೇ ನೀರು ತುಂಬಿ, "ಇದೂ ತುಳುಕತದ ರೀ ಮಾಸ್ತರ" ಎಂದ. "ಎರಡು ಕೊಡ ಒಯ್ರಿ."