ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ

ಕೆಮ್ಮಿನ ಔಷಧಿ ತರಲು ಹೋದವಳು ಬಿಯರ್ ಮಾಡುವ ಡಬ್ಬಿ ಹೊತ್ತುಕೊಂಡು ಮನೆಗೆ ಬಂದೆ. ತಮಾಷೆಗೆ ಹೇಳುತ್ತಿಲ್ಲ. ಇಂಗ್ಲೆಂಡಿನ ಉತ್ತರಕ್ಕಿರುವ ಈ ಊರಿನಲ್ಲಿ ಬಿಯರಿನ ಸಾಮಾನು ಮಾರುವುದು ಔಷಧಿ ಅಂಗಡಿಯಲ್ಲಿ. ಒಂದು ಕಪಾಟಿನಲ್ಲಿ ಮಕ್ಕಳ ಪೌಡರು, ತಲೆನೋವಿನ ಮಾತ್ರೆ. ಅದರ ಪಕ್ಕದಲ್ಲೇ ಜೋನಿಬೆಲ್ಲದಂಥ ಮಾಲ್ಟಿನ, ಅಂದರೆ ಮೊಳಕೆ ಬಾರ್ಲಿಯ ಪಾಕದ, ಡಬ್ಬಿ, ಕಹಿ ಬರಿಸಲು ಹಾಕುವ ಹಾಪ್ಸ್ ಎಂಬ ಒಣಹೂವಿನ ಪೊಟ್ಟಣ. ನಮ್ಮ ಹೊನ್ನಾಳಿಯಲ್ಲಿ ಸಾರಾಯಿ ಅಂಗಡಿ ಮುಂದೆ ಹಾಯುವಾಗ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಿರಬಿರನೆ ನಡೆಯುತ್ತಿದ್ದರು. ಮನೆಯಲ್ಲಿ ಕಾಸಿದವರ ಮಡಕೆಯನ್ನು ಪೊಲೀಸರು ಬಂದು ಒಡೆಯುತ್ತಿದ್ದರು. ಇಲ್ಲಿ ಬಿಳಿ ಕೋಟಿನ ಹುಡುಗಿ ಕೆಮ್ಮಿನ ಔಷಧಿಯನ್ನೂ ಬಿಯರಿನ ಡಬ್ಬಿಯನ್ನೂ ಒಂದೇ ಚೀಲಕ್ಕೆ ಹಾಕಿ, ನಗುನಗುತ್ತಾ ಕೊಟ್ಟಳು.

ನಾನು ಹೊನ್ನಾಳಿ ತಾಲ್ಲೂಕಿನ ನ್ಯಾಮತಿ ಕಡೆಯವಳು. ಸವಳಂಗದ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಊರು. ಊರು ಎಂದರೆ ಊರಲ್ಲ, ಊರಾಚೆಯ ಕೇರಿ. ನರ್ಸಿಂಗ್ ಓದಿ, ಚನ್ನಗಿರಿಯ ಆಸ್ಪತ್ರೆಯೊಂದರಲ್ಲಿ ಸ್ವಲ್ಪ ಕಾಲ ದುಡಿದು, ಎಪ್ಪತ್ತರ ದಶಕದ ನಡುವೆ ಇಲ್ಲಿಗೆ ಬಂದೆ. ನಮ್ಮವರು ಜಗಳೂರಿನವರು, ಇಲ್ಲಿ ಸಿಟಿ ಬಸ್ಸಿನಲ್ಲಿ ಕಂಡಕ್ಟರು. ಓದುವವರಿಗೆ ಒಂದು ವಿಷಯ ಮೊದಲೇ ಗೊತ್ತಿರಲಿ: ನಾನು ಸೇಡು ಮರೆಯುವ ಹೆಂಗಸಲ್ಲ.

ಬಂದ ಹೊಸದರಲ್ಲಿ ಬಾಡಿಗೆಗೆ ಕೋಣೆ ಹುಡುಕುತ್ತಾ ತಿರುಗಿದೆವು. ಕಿಟಕಿಯಲ್ಲಿ 'ಕೋಣೆ ಖಾಲಿ ಇದೆ' ಎಂಬ ಚೀಟಿ ಕಾಣುತ್ತಿತ್ತು. ಬಾಗಿಲು ತಟ್ಟಿದರೆ ನಮ್ಮ ಮುಖ ನೋಡಿ, "ಅಯ್ಯೋ, ಈಗಷ್ಟೇ ಹೋಯಿತಲ್ಲ" ಎನ್ನುತ್ತಿದ್ದರು. ಮಾರನೆಯ ದಿನವೂ ಚೀಟಿ ಅಲ್ಲೇ ಇರುತ್ತಿತ್ತು. ಇಲ್ಲೂ ಹೀಗಾದೀತೆಂದು ಎಣಿಸಿರದ ನಮ್ಮವರು ತುಂಬಾ ನೊಂದುಕೊಂಡರು. ನನಗೆ ಮಾತ್ರ ಆ ದನಿ ಚೆನ್ನಾಗಿ ಪರಿಚಯವಿತ್ತು. ಅದು ನಮ್ಮೂರ ಗೌಡ್ತಮ್ಮನ ದನಿ.

ಚಿಕ್ಕವಳಿದ್ದಾಗ ನಮ್ಮವ್ವ ಗೌಡರ ಮನೆಯ ಕೊಟ್ಟಿಗೆ ಕಸ ಬಳಿಯುತ್ತಿದ್ದಳು. ನಮ್ಮ ಮನೆಯಲ್ಲಿ ಪಾಲಿಗೆ ಸಾಕಿದ ಒಂದು ಎಮ್ಮೆ ಇತ್ತು. ಹಾಲಿಗೆ ಹಾಕುವ ಹೆಪ್ಪು ಕೆಟ್ಟಾಗ ಅವ್ವ ಬಟ್ಟಲು ಹಿಡಿದು ಗೌಡರ ಹಿತ್ತಿಲಿಗೆ ಹೋಗುತ್ತಿದ್ದಳು, ಅವಳ ಹಿಂದೆ ನಾನು.

"ಅಮ್ಮಾರೆ, ಒಂಚೂರು ಹೆಪ್ಪು ಕೊಡ್ರಿ."

"ದೀಪ ಹಚ್ಚಾತು ಕಣೆ. ದೀಪ ಹಚ್ಚಿದ್ ಮ್ಯಾಲೆ ಹೆಪ್ಪು ಕೊಟ್ರೆ ಲಕ್ಷ್ಮಿ ಮನಿ ಬಿಟ್ಟು ಹೊಕ್ಕಾಳೆ. ನಾಳೆ ಬಾ."

ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಹೊರಗೆ ಕೊಡಬಾರದೆಂಬುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಪದ್ಧತಿಯೇ, ಅದನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಗೌಡ್ತಮ್ಮ ಆ ಮಾತು ಹೇಳುವಾಗ ಹಿತ್ತಿಲ ಬೇವಿನ ಮರದ ಮೇಲೆ ಇನ್ನೂ ಬಿಸಿಲಿರುತ್ತಿತ್ತು. ಮನಸ್ಸು ಬಂದ ದಿನ ಕೊಡುತ್ತಿದ್ದಳು. ಮೆಟ್ಟಿಲ ಮೇಲೆ ನಿಂತು, ತನ್ನ ಚೊಂಬು ನಮ್ಮ ಬಟ್ಟಲಿಗೆ ಎಲ್ಲಿ ತಾಕೀತೋ ಎಂದು ಮೇಲಿನಿಂದ ಸುರಿಯುತ್ತಿದ್ದಳು. ಮಜ್ಜಿಗೆ ಅವ್ವನ ಮೊಳಕೈವರೆಗೂ ಸಿಡಿಯುತ್ತಿತ್ತು. ಅವ್ವ ಅದನ್ನು ಒರೆಸಿಕೊಳ್ಳದೆ, "ನಿಮ್ಮನಿ ತಣ್ಣಗಿರ್ಲಿ ಅಮ್ಮಾರೆ" ಎಂದು ಹೇಳಿ ಬರುತ್ತಿದ್ದಳು. ನಾನು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಾ ಬರುತ್ತಿದ್ದೆ.

ಈಗ ಬಿಯರಿಗೆ ಬರುತ್ತೇನೆ. ಕೊನೆಗೂ ನಮಗೆ ಮನೆ ಸಿಕ್ಕಿದ್ದು ಡೊರೊಥಿ ಎಂಬ ವಿಧವೆ ಮುದುಕಿಯ ಪಕ್ಕದಲ್ಲಿ. ಅವಳ ಗಂಡ ಈ ಊರಿನ ಹಳೆಯ ಬ್ರೂವರಿಯಲ್ಲಿ, ಅಂದರೆ ಬಿಯರ್ ಕಾಯಿಸುವ ಕಾರ್ಖಾನೆಯಲ್ಲಿ, ದುಡಿದು ಸತ್ತವನು. ಅವಳ ಇಂಗ್ಲಿಷು ನನ್ನ ಕಿವಿಗೆ ನಮ್ಮ ಕೇರಿಯ ಮುದುಕಿಯರ ಮಾತಿನ ಹಾಗೇ ಕೇಳುತ್ತಿತ್ತು, ಆದ್ದರಿಂದ ಹಾಗೇ ಬರೆಯುತ್ತೇನೆ. ನನ್ನ ಔಷಧಿ ಅಂಗಡಿಯ ಡಬ್ಬಿ ನೋಡಿ ಅವಳು ಮೂಗು ಮುರಿದಳು.

"ಈ ಪ್ಯಾಕೀಟಿನ ಈಸ್ಟ್ ಯಾರಿಗ್ ಬೇಕವ್ವ? ಬ್ರೂವರಿ ಹಿಂದ್ಲ ಬಾಗ್ಲಿಗೆ ಹೋಗಾನ. ಚೊಂಬು ಹಿಡ್ಕಂಡ್ ಹೋದ್ರೆ ನೊರೆ ಕೊಡ್ತಾರೆ."

ಹೋದೆವು. ರಬ್ಬರ್ ಬೂಟಿನ ಒಬ್ಬ ಮನುಷ್ಯ ನನ್ನ ಚೊಂಬನ್ನು ಕೈಯಲ್ಲೇ ಇಸಿದುಕೊಂಡು, ತೊಟ್ಟಿಗೆ ಅದ್ದಿ, ಕೆನೆಯಂಥ ನೊರೆ ತುಂಬಿ ಕೊಟ್ಟ. ನಾನು ಆ ಚೊಂಬನ್ನೇ ನೋಡುತ್ತಾ ನಿಂತುಬಿಟ್ಟೆ. ಈಸ್ಟ್ ಎಂದರೆ ಹೆಪ್ಪೇ ಎಂದು ಆಗ ತಿಳಿಯಿತು.

ಬಿಯರ್ ಮಾಡುವುದು ದೋಸೆ ಹಿಟ್ಟು ಹುದುಗು ಬರಿಸಿದಷ್ಟೇ ಕಷ್ಟ, ಅಷ್ಟೇ ಸುಲಭ. ಮಾಲ್ಟನ್ನೂ ಹಾಪ್ಸನ್ನೂ ನೀರಿನಲ್ಲಿ ಕುದಿಸಿ, ಸೋಸಿ, ಹೊಸ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಬೇಕು. ಕೈ ತಾಳುವಷ್ಟು ಆರಿದರೆ ಸಾಲದು, ಪೂರ್ತಿ ತಣ್ಣಗಾಗಬೇಕು. ಆಮೇಲೆ ಹೆಪ್ಪು. ಮಾರನೆಯ ಬೆಳಿಗ್ಗೆ ನೊರೆ ಉಬ್ಬಿ ಬಕೆಟ್ಟಿನ ಮುಚ್ಚಳ ಎತ್ತುತ್ತಿರುತ್ತದೆ. ನೊರೆ ಇಳಿದು ಹುದುಗು ನಿಂತ ಮೇಲೆ ಬಾಟಲಿಗೆ ತುಂಬಿ, ಒಂದೊಂದಕ್ಕೂ ಚಿಟಿಕೆ ಸಕ್ಕರೆ ಹಾಕಿ ಬಿರಡೆ ಬಿಗಿಯಬೇಕು. ಮೊದಲ ಸಲ ನಾನು ನಮ್ಮೂರ ಕೈಯಲ್ಲಿ, ಪಾನಕಕ್ಕೆ ಹಾಕುವಂತೆ ಸಕ್ಕರೆ ಹಾಕಿದ್ದೆ. ಬಾಟಲಿಗಳು ಒಂದರ ಹಿಂದೊಂದು ಸಿಡಿದು, ನಮ್ಮವರು ಮಂಚದ ಕೆಳಗೆ ಹೊಕ್ಕರು.

ಆದರೆ ಮುಂದೆ ಕೈ ಪಳಗಿತು. ನಮ್ಮವರು ಊರಿಗೆ ಹೋಗಿ ಬರುವಾಗ ಜಗಳೂರಿನ ರಾಗಿ ತಂದರು. ಅದನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಇಲ್ಲಿನವರು ಬಟ್ಟೆ ಒಣಗಿಸಲು ಇಟ್ಟುಕೊಂಡಿರುವ ಬಿಸಿ ಕಪಾಟಿನಲ್ಲಿ ಮೊಳಕೆ ಬರಿಸಿದೆ. ಒಣಗಿಸಿ, ಹುರಿದು, ಒಡೆದು ಮಾಲ್ಟಿನ ಜೊತೆ ಸೇರಿಸಿದೆ. ಹುರಿಹಿಟ್ಟಿನ ಘಮ ಬಿಯರಿಗೆ ಬಂತು. ಡೊರೊಥಿ ಒಂದು ಲೋಟ ಕುಡಿದು, ಇನ್ನೊಂದಕ್ಕೆ ಲೋಟ ಚಾಚಿದಳು. ನಾನು ಕುಡಿಯುವುದು ಎರಡು ಗುಟುಕು ಮಾತ್ರ. ಆದರೂ ಈ ಊರಿನಲ್ಲಿ ನನ್ನ ಕೈಯಿಂದ ಆದದ್ದನ್ನು ಒಬ್ಬರು ಕೇಳಿ ಕುಡಿದದ್ದು ಅದೇ ಮೊದಲು. ಅಂದು ಕುಣಿಯುವಷ್ಟು ಖುಷಿಯಾಗಿತ್ತು.

ಅವಳೇ ನನ್ನನ್ನು ಮನೆಬಿಯರ್ ಮಾಡುವವರ ಸಂಘದ ಸ್ಪರ್ಧೆಗೆ ಕರೆದುಕೊಂಡು ಹೋದಳು. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸಾಲಾಗಿ ಬಾಟಲಿಗಳು. ಸಂಘದ ಕಾರ್ಯದರ್ಶಿ ಆರ್ಥರ್, ಪೋಸ್ಟಾಫೀಸಿನ ನೌಕರ, ರುಚಿ ನೋಡಿ ಅಂಕ ಹಾಕುವವನು. ಒಂದೊಂದನ್ನೂ ಬೆಳಕಿಗೆ ಹಿಡಿದು, ಮೂಸಿ, ಗುಟುಕರಿಸುತ್ತಾ ಬಂದ. ನನ್ನದನ್ನು ಲೋಟಕ್ಕೆ ಬಗ್ಗಿಸಿಕೊಂಡು ಯಾರದೆಂದು ಕೇಳಿದ. ನಾನು ಕೈ ಎತ್ತಿದೆ. ಅವನು ನನ್ನನ್ನು ನೋಡಿದ, ಲೋಟವನ್ನು ನೋಡಿದ. ತುಟಿಗೂ ತಾಕಿಸದೆ ಸಿಂಕಿಗೆ ಸುರಿದ. ಆಮೇಲೆ ಆ ಲೋಟವನ್ನು ತೊಳೆದ, ಮತ್ತೆ ತೊಳೆದ. ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ, ಇಬ್ಬರೂ ನಕ್ಕರು. ನಮ್ಮ ಕೇರಿಯವರಿಗೆಂದೇ ಬೇರೆ ಲೋಟ ಇಡುವ ಹೋಟೆಲುಗಳನ್ನು ಬಿಟ್ಟು ಏಳು ಸಮುದ್ರ ದಾಟಿ ಬಂದವಳಿಗೆ ಲೋಟ ಇಲ್ಲೂ ಕಾದಿತ್ತು.

ಡೊರೊಥಿ ಜಗಳಕ್ಕೆ ಹೊರಟಳು. ನಾನೇ ತಡೆದೆ.

"ಸುಮ್ನಿರು. ಇವ್ನು ನನ್ ಬಾಗ್ಲಿಗೆ ಬಟ್ಲು ಹಿಡ್ಕಂಡ್ ಬರೋ ಹಂಗೆ ಮಾಡ್ತೀನಿ" ಎಂದು ಕನ್ನಡದಲ್ಲೇ ಹೇಳಿದೆ. ಅವಳಿಗೆ ಹೇಗೋ ಅರ್ಥವಾಯಿತು.

ಹೇಗೆ ಬರಿಸುತ್ತೇನೆಂದು ಆಗ ನನಗೇ ಗೊತ್ತಿರಲಿಲ್ಲ. ದಾರಿ ಮಾಡಿಕೊಟ್ಟದ್ದು ಕಾಲ. ದೊಡ್ಡ ಕಂಪನಿಯೊಂದು ಊರ ಬ್ರೂವರಿಯನ್ನು ಕೊಂಡು, ಬಾಗಿಲು ಹಾಕಿಸಿತು. ಪಬ್ಬುಗಳಲ್ಲಿ, ಅಂದರೆ ಇಲ್ಲಿನ ಬಿಯರ್ ಅಂಗಡಿಗಳಲ್ಲಿ, ಎಲ್ಲಿಂದಲೋ ಲಾರಿಯಲ್ಲಿ ಬಂದ ಸಪ್ಪೆ ಬಿಯರ್ ಶುರುವಾಯಿತು. ಹಳೆಯ ರುಚಿ ಬೇಕೆಂದು ಗಂಡಸರು ಗೋಳಾಡಿದರು. ರುಚಿ ಇದ್ದದ್ದು ಆ ಬ್ರೂವರಿಯ ಈಸ್ಟಿನಲ್ಲಿ. ಅದನ್ನು ಯಾರೂ ಉಳಿಸಿಕೊಂಡಿರಲಿಲ್ಲ. ಬೇಕಾದಾಗ ಹಿಂದಿನ ಬಾಗಿಲಿಗೆ ಹೋದರೆ ಸಿಗುತ್ತಿದ್ದದ್ದನ್ನು ಅವರು ಯಾಕೆ ಉಳಿಸಿಕೊಂಡಾರು? ನಮ್ಮ ಮನೆಯಲ್ಲಿ ಹೆಪ್ಪು ಕೆಟ್ಟರೆ ಬೇಡಲು ಹೋಗಬೇಕಿತ್ತು. ಆ ಭಯಕ್ಕೆ ನಾನು ಪ್ರತಿ ಸಲವೂ ನೊರೆ ತೆಗೆದು ಜಾಡಿಯಲ್ಲಿ ಎತ್ತಿಟ್ಟು, ಅದರಿಂದಲೇ ಮುಂದಿನದು ಮಾಡುತ್ತಿದ್ದೆ. ಇಡೀ ಊರಿನಲ್ಲಿ ಆ ಹೆಪ್ಪು ಬದುಕಿದ್ದು ನನ್ನ ಅಡುಗೆಮನೆಯಲ್ಲಿ ಮಾತ್ರ.

ಡೊರೊಥಿ ಸುದ್ದಿಯನ್ನು ಬೇಕೆಂದೇ ಹರಡಿದಳು. ಚಳಿಗಾಲದ ಒಂದು ಸಂಜೆ ಆರ್ಥರ್ ಬಂದೇಬಿಟ್ಟ, ಕೈಯಲ್ಲಿ ಮುಚ್ಚಳದ ಜಗ್ಗು. ಹಿಂದಿನದರ ಬಗ್ಗೆ ಒಂದು ಮಾತಿಲ್ಲ. "ಸ್ವಲ್ಪ ಈಸ್ಟ್ ಸಿಗಬಹುದೇ?" ಎಂದ.

ಇಲ್ಲಿ ಚಳಿಗಾಲದಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಅವನ ಪೋಸ್ಟಾಫೀಸು ಮುಚ್ಚುವುದು ಅದಾದ ಮೇಲೆ. ನಾನು ಒಳಗಿನ ದೀಪ ತೋರಿಸಿ ಹೇಳಿದೆ: "ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ. ಬೆಳಕಿರುವಾಗ ಬನ್ನಿ."

ದೇವರ ವಿಷಯವೇನೋ ಎಂದುಕೊಂಡು ಅವನು ಟೋಪಿ ತೆಗೆದು ಕ್ಷಮೆ ಕೇಳಿ ಹೋದ. ಮತ್ತೆ ಬಂದ, ಮತ್ತೆ ಕತ್ತಲಾಗಿತ್ತು. ರಜೆಯ ದಿನ ಹಗಲಲ್ಲಿ ಬಂದಾನೆಂದು ನಾನು ಆಸ್ಪತ್ರೆಯಲ್ಲಿ ಶನಿವಾರ, ಭಾನುವಾರದ ಹಗಲು ಡ್ಯೂಟಿಯನ್ನು ಕೇಳಿ ಹಾಕಿಸಿಕೊಂಡೆ. ಜೊತೆಯ ನರ್ಸುಗಳು ನನ್ನನ್ನು ದೇವತೆ ಎಂದರು. ಇಡೀ ಚಳಿಗಾಲ ಅವನು ಬರುವುದು, ನಾನು ದೀಪ ತೋರಿಸುವುದು. ಹಿಮದಲ್ಲಿ ಜಗ್ಗು ಹಿಡಿದು ಹಿಂತಿರುಗುವ ಅವನ ಬೆನ್ನನ್ನು ಕಿಟಕಿಯಿಂದ ನೋಡಿದಷ್ಟೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

"ಸಾಕು ಬಿಡು ಇನ್ನ. ಪಾಪ, ವಯಸ್ಸಾದೋನು" ಎಂದರು ನಮ್ಮವರು.

"ನಮ್ಮವ್ವಂಗೆ ವಯಸ್ಸಾಗಿರ್ಲಿಲ್ವ?"

ಆದರೆ ಈ ದೇಶದ ಸೂರ್ಯನನ್ನು ನಂಬುವಂತಿಲ್ಲ. ಜೂನ್ ಬಂತು. ರಾತ್ರಿಯೂಟ ಮುಗಿದರೂ ಬಿಸಿಲು ಗೋಡೆ ಬಿಟ್ಟು ಇಳಿಯದು. ಅಂಥ ಒಂದು ಸಂಜೆ ಆರ್ಥರ್ ಬಂದು, ಮುಖವೆಲ್ಲ ಬಿಸಿಲಾಗಿ ನಿಂತ. "ಇನ್ನೂ ಬೆಳಕಿದೆ" ಎಂದ.

ಬಿಸಿಲಿರುವಾಗ ದೀಪದ ಮಾತಾಡಿದರೆ ನಾನೂ ಗೌಡ್ತಮ್ಮನೇ ಆಗುತ್ತಿದ್ದೆ. ಅಷ್ಟಕ್ಕೆ ಇಳಿಯಲು ಮನಸ್ಸಾಗಲಿಲ್ಲ. ಕೊಡಲೇಬೇಕಿತ್ತು. ಆದರೆ ಕೊಡುವ ರೀತಿ ಎಂದೊಂದಿದೆಯಲ್ಲ. ಒಳಗಿನಿಂದ ಜಾಡಿ ತಂದು, ಬಾಗಿಲ ಮುಂದಿನ ಮೆಟ್ಟಿಲ ತುದಿಯಲ್ಲಿ ನಿಂತೆ. ಅವನು ಕೆಳಗೆ, ರಸ್ತೆಯ ಮೇಲೆ. ಜಾಡಿಯನ್ನು ತಲೆಯ ಮಟ್ಟಕ್ಕೆ ಎತ್ತಿ, ಅವನ ಜಗ್ಗಿಗೆ ತಾಕದಂತೆ, ಗೌಡ್ತಮ್ಮ ಸುರಿದಂತೆಯೇ ಸುರಿದೆ. ಸಿಡಿದು ಅವನ ಕೋಟಿನ ತೋಳು ನೆನೆಯಿತು. ಇಷ್ಟು ವರ್ಷ ಕಾದಿದ್ದು ಆ ಒಂದು ಗಳಿಗೆಗೆ. ಅವನ ಮುಖ ಕಪ್ಪಿಡುವುದನ್ನು ನೋಡಲು ಬಗ್ಗಿದೆ.

ಅವನು ಕಣ್ಣರಳಿಸಿ ಜಗ್ಗಿನೊಳಗೆ ನೋಡುತ್ತಿದ್ದ. "ಗಾಳಿ!" ಎಂದ. "ಮೇಲಿನಿಂದ ಸುರಿದರೆ ಈಸ್ಟಿಗೆ ಗಾಳಿ ಸಿಗುತ್ತದೆ. ಇದು ನಮಗೆ ಹೊಳೆದೇ ಇರಲಿಲ್ಲ. ನಿಮ್ಮ ಕಡೆಯ ಪದ್ಧತಿಯೇ?"

"ಹೌದು, ನಮ್ಮ ಕಡೆಯ ಪದ್ಧತಿ" ಎಂದೆ. ಬೇರೆ ಏನು ಹೇಳಲಿ?

ಬಾಗಿಲ ಹಿಂದೆ ನಿಂತಿದ್ದ ನಮ್ಮವರು ಎಲ್ಲವನ್ನೂ ನೋಡಿದ್ದರು. ಅವರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಅವರೇ ನೀರು ತಂದು ಮೆಟ್ಟಿಲ ಮೇಲೆ ಚೆಲ್ಲಿದ್ದನ್ನು ತೊಳೆದರು.

ಆ ವರ್ಷದ ಸ್ಪರ್ಧೆಯಲ್ಲಿ ಅಂಕ ಹಾಕಿದವರು ಬೇರೆ, ಆರ್ಥರನ ಬಿಯರಿಗೆ ಬಹುಮಾನ ಬಂತು. ಹಳೆಯ ರುಚಿ ಮರಳಿತೆಂದು ಮುದುಕರು ಕಣ್ಣೊರೆಸಿಕೊಂಡರು. ಅವನು ಎದ್ದುನಿಂತು ಎಲ್ಲವೂ ನನ್ನಿಂದಲೇ ಎಂದ. ನನ್ನ ಬಾಟಲಿಯನ್ನು ತೆರೆದು, ಎಲ್ಲರ ಎದುರು ಲೋಟ ತುಂಬಾ ಕುಡಿದ. ಸಿಂಕಿನ ಮಾತು ಮಾತ್ರ ಎತ್ತಲಿಲ್ಲ. ಬಹುಶಃ ಅವನಿಗೆ ಅದು ನೆನಪೇ ಇರಲಿಲ್ಲ, ಮತ್ತು ನನಗೆ ಅದೇ ಹೆಚ್ಚು ಉರಿಯಿತು. ಆಮೇಲೆ ಭಾರತದ ಪದ್ಧತಿಯನ್ನು ತೋರಿಸಿಕೊಡಬೇಕೆಂದು ನನ್ನನ್ನು ವೇದಿಕೆ ಹತ್ತಿಸಿದರು. ಅವನು ಕೆಳಗೆ ಜಗ್ಗು ಹಿಡಿದ. ನಾನು ಸುರಿದೆ. ಚಪ್ಪಾಳೆ ಬಿತ್ತು. ಈಗ ಈ ಊರಿನಲ್ಲಿ ಬಿಯರ್ ಮಾಡುವ ಪ್ರತಿ ಮನೆಯಲ್ಲೂ ಸ್ಟೂಲು ಹತ್ತಿ ಮೇಲಿನಿಂದ ಹೆಪ್ಪು ಸುರಿಯುತ್ತಾರೆ. ನನ್ನ ಮುಯ್ಯಿ ತೀರಿತೋ ಇಲ್ಲವೋ ಎಂದು ಹೇಳಬಲ್ಲವರು ಅವರಲ್ಲಿ ಯಾರೂ ಇಲ್ಲ.

ಹೋದ ಸಲ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ನ್ಯಾಮತಿಯಲ್ಲಿ ಬಸ್ಸಿಳಿದಾಗಿನಿಂದಲೂ ನಾಲಿಗೆ ತುದಿಯಲ್ಲೇ ಇತ್ತು. ಅದು ಎಂಥ ಅವಮಾನವೆಂದು ಅರ್ಥವಾಗಲು ಅಲ್ಲಿ ಒಂದು ಮಾತೂ ಬಿಡಿಸಿ ಹೇಳಬೇಕಿಲ್ಲ. ಆದರೆ ನಾನು ಮೇಲೆ, ಇನ್ನೊಬ್ಬರು ಕೆಳಗೆ ನಿಲ್ಲುವ ಮೆಟ್ಟಿಲು ನಮ್ಮೂರಿನಲ್ಲಿ ಇಂದಿಗೂ ಇಲ್ಲ. ಮೆಟ್ಟಿಲಿರುವುದು ಇಂಗ್ಲೆಂಡಿನಲ್ಲಿ, ಅರ್ಥವಾಗುವುದು ನಮ್ಮೂರಿನಲ್ಲಿ. ಅವ್ವ ಹೆಮ್ಮೆಪಡುತ್ತಾಳೆಂದು ಅವಳ ಬಾಯನ್ನೇ ನೋಡುತ್ತಾ ಕೂತೆ. ಅವಳು ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ಅಷ್ಟ್ ಮ್ಯಾಲಿಂದ ಸುರುವಿದ್ರೆ ಅರ್ಧ ನೆಲಕ್ಕೆ ಹೊಕ್ಕೈತೆ ಮಗ. ಬಟ್ಲಾನ ಎರಡೂ ಕೈಯಾಗೆ ಎದಿಮಟ ಎತ್ತಿ ಹಿಡೀಬೇಕು, ಚೂರು ಓರೆ ಮಾಡಿ. ಹಂಗೆ ಹಿಡಿಯಾಕೆ ಅವಂಗ್ ಹೇಳ್ಬೇಕಿತ್ತು ನೀನು."

ಮಾತಾಡುತ್ತಾ ಅವಳ ಎರಡೂ ಕೈ ತಾವಾಗಿ ಎದೆಯವರೆಗೆ ಎದ್ದು, ಇಲ್ಲದ ಬಟ್ಟಲನ್ನು ಓರೆಯಾಗಿ ಹಿಡಿದಿದ್ದವು. ನಾನು ಆ ಕೈಗಳನ್ನು ನೋಡಲಾರದೆ ಎದ್ದು ಹೊರಗೆ ಬಂದೆ.

ಮತ್ತೆ ಈ ದೇಶಕ್ಕೆ ಬಂದಿದ್ದೇನೆ. ಆರ್ಥರ್ ಈಗಲೂ ಬರುತ್ತಾನೆ, ಬೇಸಿಗೆಯಲ್ಲಿ, ಬೆಳಕಿರುವಾಗ. ಈಗಲೂ ಮೆಟ್ಟಿಲ ಮೇಲೆ ನಿಂತೇ ಸುರಿಯುತ್ತೇನೆ. ಬಟ್ಟಲು ಹೇಗೆ ಹಿಡಿಯಬೇಕೆಂದು ಅವನಿಗೆ ಹೇಳಿಕೊಟ್ಟಿಲ್ಲ, ಹೇಳಿಕೊಡುವುದೂ ಇಲ್ಲ. ಅರ್ಧ ನೆಲಕ್ಕೇ ಹೋಗಲಿ.